ಸೊನ್ನೆ ನುಂಗದ ಫಾರಂ

ಡ್ರಾಯಿಂಗ್ ಮೇಷ್ಟ್ರು ಮಾಡಿದ ತಪ್ಪು ಒಂದೇ. ಹೋದ ತಿಂಗಳು ಹೆಡ್ಮೇಷ್ಟ್ರ ಮೊಬೈಲು ಕಾರಣವಿಲ್ಲದೆ ಕಿರುಚತೊಡಗಿದಾಗ, ಒಂದು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದರು. ಅಂದಿನಿಂದ ಆ ಸರ್ಕಾರಿ ಶಾಲೆಗೆ ಅವರೇ ಕಂಪ್ಯೂಟರ್ ಪಂಡಿತರು. ಹಾಳೂರಿಗೆ ಉಳಿದವನೇ ಗೌಡ.

ಅದಕ್ಕೇ, ಬೆಳಿಗ್ಗೆ ಬಿಡುಗಡೆ ಪತ್ರಕ್ಕೆ ಸಹಿ ಕೇಳಲು ಹೋದವರನ್ನು ಹೆಡ್ಮೇಷ್ಟ್ರು ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಆರು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕ ವರ್ಗಾವಣೆ ಅದು. ಹೊಸ ಶಾಲೆ ಮನೆಯಿಂದ ಹತ್ತು ನಿಮಿಷದ ನಡಿಗೆ. ಈ ಶಾಲೆಗೆ ಎರಡು ಬಸ್ಸು, ಆಮೇಲೆ ಒಂದು ಗುಡ್ಡ. ಇವತ್ತು ಐದು ಗಂಟೆಯೊಳಗೆ ಇಲ್ಲಿಂದ ಬಿಡುಗಡೆಯಾಗದಿದ್ದರೆ ವರ್ಗಾವಣೆ ರದ್ದು.

"ಸಹಿ ಎಲ್ಲಿ ಓಡಿ ಹೋಗುತ್ತೆ, ಹಾಕೋಣ. ಮೊದಲು ಈ ಸರ್ವೆ ಮುಗಿಸಿಬಿಡಿ. ಶಾಲೇಲಿ ತಂತ್ರಜ್ಞಾನ ಎಷ್ಟಿದೆ, ಹೇಗೆ ಬಳಸ್ತೀವಿ ಅಂತ ಮೇಲಿನೋರಿಗೆ ಇವತ್ತೇ ತಿಳೀಬೇಕಂತೆ."

"ಇದ್ರೆ ತಾನೇ ಸಾರ್ ತಿಳಿಯೋದು?"

"ಇಲ್ಲ ಅನ್ನೋದನ್ನೂ ಆನ್‌ಲೈನಲ್ಲೇ ತಿಳಿಸಬೇಕು ಕಣ್ರೀ."

ಕಂಪ್ಯೂಟರ್ ಕೋಣೆಯ ಬೀಗದ ಕೈ ಹುಡುಕಲು ಜವಾನನಿಗೆ ಎರಡು ಗಂಟೆ ಹಿಡಿಯಿತು. ಸಿಕ್ಕಿದ ಮೇಲೆ ತುಕ್ಕು ಹಿಡಿದ ಬೀಗ ಮಿಸುಕಲಿಲ್ಲ. ಕಲ್ಲಿನಿಂದ ನಾಲ್ಕು ಏಟು ಕೊಟ್ಟಾಗ ಬೀಗ ಹಾಗೇ ಉಳಿದು, ಬಾಗಿಲೇ ಕಳಚಿ ಮೇಷ್ಟ್ರ ಹೆಬ್ಬೆರಳ ಮೇಲೆ ಬಿತ್ತು. ಒಳಗೆ ಹತ್ತು ಕಂಪ್ಯೂಟರುಗಳು ಹೂವಿನ ಬಟ್ಟೆ ಹೊದ್ದು, ಊಟಕ್ಕೆ ಕರೆಯಲು ಎಲ್ಲರೂ ಮರೆತ ನೆಂಟರ ಹಾಗೆ ಸಾಲಾಗಿ ಕೂತಿದ್ದವು.

"ಕೆಡಬಾರದು ಅಂತ ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ ನಾನು," ಎಂದ ಜವಾನ, ಹೆಮ್ಮೆಯಿಂದ. "ಮಕ್ಕಳಂತೂ ಈ ಕಡೆ ಸುಳಿದೇ ಇಲ್ಲ."

"ಕೆಲಸ ಮಾಡ್ತವಾ?"

"ಕರೆಂಟು ಕೊಟ್ಟು ನೋಡಿದ್ರಲ್ವಾ ಗೊತ್ತಾಗೋದು? ಅಂಥ ಪಾಪದ ಕೆಲಸ ನಾನು ಮಾಡಿಲ್ಲ."

ಆ ಪಾಪವನ್ನು ಮೇಷ್ಟ್ರು ಮಾಡಿದರು. ಗುಂಡಿ ಒತ್ತಿದ್ದೇ ಪೆಟ್ಟಿಗೆ ಒಮ್ಮೆ ಕೆಮ್ಮಿ, ಹೊಗೆ ಉಗುಳಿ, ಇಡೀ ಶಾಲೆಯ ಕರೆಂಟು ನುಂಗಿತು. ಒಂದು ಇಲಿ ಸಂಸಾರ ಸಮೇತ ಹೊರಗೆ ಬಂದು, ಅವರನ್ನು ದುರುಗುಟ್ಟಿ ನೋಡಿ, ಪಕ್ಕದ ಪೆಟ್ಟಿಗೆಗೆ ಮನೆ ಬದಲಾಯಿಸಿತು. ಶಾಲೆಯಲ್ಲಿ ಕಂಪ್ಯೂಟರ್ ಬಳಕೆಯೇ ಇಲ್ಲ ಎನ್ನುವಂತಿಲ್ಲ.

ಫ್ಯಾನು ನಿಂತ ಕೋಪಕ್ಕೆ ಗಣಿತದ ಮೇಡಂ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ ಬಂದರು. ವಾಪಸ್ ಹೋಗಿ ಪಾಠ ಮಾಡಬಹುದಿತ್ತು. ಆದರೆ ಇನ್ನೊಬ್ಬರ ಕೆಲಸಕ್ಕೆ ಸಲಹೆ ಕೊಡುವ ಸುಖವೇ ಬೇರೆ.

"ಹತ್ತೂ ಚೆನ್ನಾಗಿ ಓಡ್ತಾ ಇವೆ ಅಂತ ಬರೆದು ಕೈ ತೊಳ್ಕೊಳ್ಳಿ ಮೇಷ್ಟ್ರೇ."

"ನೋಡೋಕೆ ಬಂದ್ರೆ?"

"ಬರೋ ಹೊತ್ತಿಗೆ ನೀವೆಲ್ಲಿರ್ತೀರಿ, ನಾವೆಲ್ಲಿರ್ತೀವಿ."

ಮೇಷ್ಟ್ರು ಮಾತ್ರ ನಿಜವನ್ನೇ ಬರೆಯಲು ನಿರ್ಧರಿಸಿದರು. ಸತ್ಯಸಂಧರೆಂದಲ್ಲ. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದವರಿಗೆ, ಹೊರಡುವ ದಿನ ಎಲ್ಲಿಂದಲೋ ಧೈರ್ಯ ಬಂದಿತ್ತು.

ಸಿಗ್ನಲ್ಲು ಸಿಗುವುದು ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಏಣಿ ಹತ್ತುವಾಗ ಮೇಷ್ಟ್ರ ಪ್ಯಾಂಟು ಮೊಳೆಗೆ ಸಿಕ್ಕಿ ಒಂದು ಗೇಣು ಹರಿಯಿತು. ಒಂದು ಕೈಯಲ್ಲಿ ಹರಿದದ್ದನ್ನು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ತಮ್ಮ ಮೊಬೈಲಿನಲ್ಲೇ ಫಾರಂ ತುಂಬಿದರು. ನಡೆಯುವ ಕಂಪ್ಯೂಟರ್, ಸೊನ್ನೆ. ಇಂಟರ್ನೆಟ್, ಸೊನ್ನೆ. ಮಕ್ಕಳ ಬಳಕೆ, ಸೊನ್ನೆ. ಮೂರು ಸೊನ್ನೆಗಳನ್ನು ಫಾರಂ ಸದ್ದಿಲ್ಲದೆ ನುಂಗಿತು. ನಾಲ್ಕನೆಯದು ಗಂಟಲಿಗೆ ಸಿಕ್ಕಿಕೊಂಡಿತು.

"ಸಾರ್, ಕಂಪ್ಯೂಟರ್ ತರಬೇತಾದ ಶಿಕ್ಷಕರು ಸೊನ್ನೆ ಅಂದ್ರೆ ಒಪ್ತಿಲ್ಲ. ಕನಿಷ್ಠ ಒಬ್ಬರಾದ್ರೂ ಇರಬೇಕಂತೆ."

"ಒಂದು ಅಂತ ಹಾಕಿ," ಎಂದರು ಕೆಳಗಿನಿಂದ ಹೆಡ್ಮೇಷ್ಟ್ರು.

"ಹೆಸರು ಕೇಳುತ್ತೆ."

ಹೆಡ್ಮೇಷ್ಟ್ರು ತಮ್ಮ ಚಪ್ಪಲಿಯನ್ನು ಹೊಸದಾಗಿ ಕಂಡವರಂತೆ ನೋಡತೊಡಗಿದರು. "ನಾನು ರಿಟೈರಾಗೋನಪ್ಪ."

"ನನ್ನ ಹೆಸರು ಹಾಕಿದ್ರೆ ಏಣಿ ತೆಗೆದುಬಿಡ್ತೀನಿ," ಎಂದರು ಮೇಡಂ, ಏಣಿ ಹಿಡಿದುಕೊಂಡೇ. "ನಿಮ್ಮದೇ ಹಾಕ್ಕೊಳ್ರೀ. ನಾಳೆಯಿಂದ ಇಲ್ಲಿರೋರಲ್ಲ, ನಿಮಗ್ಯಾವ ತಲೆನೋವು?"

ಮಾತು ಸರಿ ಎನಿಸಿತು. ಗಂಟೆ ನಾಲ್ಕೂವರೆ. ಮೇಷ್ಟ್ರು ತಮ್ಮ ಹೆಸರು ಹಾಕಿ ಕಳಿಸಿದರು. ಇಳಿಯುವ ಮೊದಲೇ ಹೆಂಡತಿಗೆ ಫೋನು: "ನಾಳೆಯಿಂದ ಮಧ್ಯಾಹ್ನದ ಊಟಕ್ಕೆ ಮನೆಗೇ ಬರ್ತೀನಿ ಕಣೇ."

ಹೆಡ್ಮೇಷ್ಟ್ರು ಬಿಡುಗಡೆ ಪತ್ರ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಮೇಜಿನ ಮೇಲಿದ್ದ ದೂರವಾಣಿ ಬಡಿದುಕೊಂಡಿತು. ಆರು ವರ್ಷ ಒಂದು ಅರ್ಜಿಗೂ ಉತ್ತರ ಕೊಡದಿದ್ದ ಕಚೇರಿ, ಸರ್ವೆ ತಲುಪಿ ಹತ್ತು ನಿಮಿಷಕ್ಕೇ ಕರೆ ಮಾಡಿತ್ತು. "ಆಯ್ತು ಸಾರ್" ಎಂದು ನಾಲ್ಕು ಸಲ ಹೇಳಿ ಹೆಡ್ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

"ನಮ್ಮ ಸರ್ವೆನೇ ಮೊದಲಂತೆ. ಬಹಳ ಹೊಗಳಿದ್ರು. ಹತ್ತು ಕಂಪ್ಯೂಟರ್ ಕೆಟ್ಟು ಕೂತಿರೋ ಕಡೆ ತರಬೇತಾದೋರು ಒಬ್ಬರೇ ಇದ್ರೆ, ಅವರನ್ನ ಬಿಡುಗಡೆ ಮಾಡೋ ಹಾಗಿಲ್ಲವಂತೆ."

"ಸಾರ್, ನಾನು ಆನೆ ಚಿತ್ರ ಬರೆಯೋನು."

"ಈಗ ಹಾಗಂದ್ರೆ ಸರ್ಕಾರಕ್ಕೆ ಸುಳ್ಳು ಬರೆದು ಕೊಟ್ಟ ಹಾಗಾಗುತ್ತೆ ನೋಡಿ."

ಪತ್ರ ಡ್ರಾಯರಿಗೆ ಹೋಯಿತು. ಅದೇ ಹೊತ್ತಿಗೆ ಹೆಡ್ಮೇಷ್ಟ್ರ ಜೇಬಿನಲ್ಲಿ ಮೊಬೈಲು ಮತ್ತೆ ಕಾರಣವಿಲ್ಲದೆ ಕಿರುಚತೊಡಗಿತು. ಅವರು ಅದನ್ನು ತೆಗೆದು, ಚೇಳು ಹಿಡಿದವರಂತೆ ಮುಂದೆ ಚಾಚಿದರು.

"ಸ್ವಲ್ಪ ನಿಲ್ಲಿಸಿಕೊಡಿ ಮೇಷ್ಟ್ರೇ."

ಹರಿದ ಪ್ಯಾಂಟು ಕಂಡರೆ ಕಾಣಲಿ ಎಂದು ಮೇಷ್ಟ್ರು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡರು. ಬುದ್ಧಿ ಬಂದಿತ್ತು, ಒಂದು ತಿಂಗಳು ತಡವಾಗಿ.