ಜೀಪಿನವರ ಹಿಮ್ಮಡಿ

ಜನರನ್ನು ಎಚ್ಚರಿಸಲು ಹೋಗಿ ನಗೆಪಾಟಲಾಗಿ ಬರುವ ಕೆಲಸ ಯಾವುದಾದರೂ ಇದ್ದರೆ ಅದು ಆರೋಗ್ಯ ಭಾಷಣ; ನನಗಂತೂ ವಾರಕ್ಕೊಮ್ಮೆ ತಪ್ಪದೆ ಆಗುತ್ತದೆ. ಅರ್ಧ ಭೂಮಿ ಸುತ್ತಿದರೂ ಕೂತಲ್ಲಿ ಕೂರಲಾಗದ ಜೀವ ನನ್ನದು. ಈಗ ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಚರ್ಮದ ಕ್ಯಾನ್ಸರ್ ಬಗ್ಗೆ ಮಾತಾಡುತ್ತಾ ತಿರುಗುತ್ತೇನೆ. ತಿರುಗಿಸುವವರು ದರ್ಬೆಯ ಬಾಡಿಗೆ ಜೀಪಿನವರೊಬ್ಬರು.

ಬಿಳಿಯನ ಬೆನ್ನು

ಮೊದಲ ಸಭೆ ಬೆಳ್ಳಾರೆಯಲ್ಲಿ. ಆಸ್ಟ್ರೇಲಿಯಾದಿಂದ ತಂದಿದ್ದ ದೊಡ್ಡ ಚಿತ್ರವನ್ನು ಗೋಡೆಗೆ ತೂಗುಹಾಕಿದೆ. ಕಡಲ ತೀರದಲ್ಲಿ ಕವುಚಿ ಮಲಗಿದ ಬಿಳಿಯ, ಸುಟ್ಟು ಕೆಂಪಾದ ಬೆನ್ನು. ಸೂರ್ಯನ ಕಿರಣಗಳಿಂದ ಶುರುಮಾಡಿ ಇಪ್ಪತ್ತು ನಿಮಿಷ ಮಾತಾಡಿದೆ. ಮುಂದಿನ ಬೆಂಚಿನ ಹೆಂಗಸೊಬ್ಬರು ಮರುಕದಿಂದ ಕೇಳಿದರು: "ಪಾಪ, ಒಂದು ಅಂಗಿ ಹಾಕು ಅಂತ ಅವನಿಗೆ ಹೇಳುವವರು ಯಾರೂ ಇಲ್ವಾ ಮೇಡಂ?"

ನನ್ನ ಇಪ್ಪತ್ತು ನಿಮಿಷದ ಸಾರಾಂಶ ಅಷ್ಟೇ ಆಗಿತ್ತು. ಚಿತ್ರ ಸುತ್ತಿಟ್ಟೆ.

ಒಳ್ಳೆ ಕಂಪೆನಿಯ ಆಯಿಲ್

ಭಾಷಣವನ್ನು ಊರಿಗೆ ಒಗ್ಗುವಂತೆ ತಿದ್ದಿದೆ. ನಮ್ಮ ಮೈಬಣ್ಣದವರಲ್ಲಿ ಕೆಟ್ಟ ಮಚ್ಚೆ ಹೆಚ್ಚಾಗಿ ಏಳುವುದು ಬಿಸಿಲೇ ಬೀಳದ ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ. ಅದು ಬೆಳೆಯುತ್ತಿದ್ದರೆ, ಇಲ್ಲವೇ ಎಲ್ಲಾದರೂ ಗಾಯ ವಾರಗಟ್ಟಲೆ ಮಾಗದಿದ್ದರೆ, ಡಾಕ್ಟರಿಗೆ ತೋರಿಸಬೇಕು. ದಾರಿಯುದ್ದಕ್ಕೂ ಜೀಪಿನವರಿಗೇ ಹೇಳಿ ಅಭ್ಯಾಸ ಮಾಡಿಕೊಂಡೆ. ಒಂದು ಮಧ್ಯಾಹ್ನ ಊಟವಾದ ಮೇಲೆ ಅವರು ಜಗಲಿಯಲ್ಲಿ ಕಾಲು ಚಾಚಿದರು. ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಕಪ್ಪು ಕಲೆ, ಅಂಚು ಕದಡಿದ ಹಾಗೆ. ಹತ್ತಿರ ಸರಿದು ನೋಡಿದೆ.

"ಇದೆಂತದು?"

"ಜೀಪಿನ ಆಯಿಲ್ ಮೇಡಂ. ತೊಳೆದ್ರೆ ಹೋಗ್ತದೆ."

"ಯಾವಾಗಿನಿಂದ ಉಂಟು?"

"ಎರಡು ವರ್ಷ ಆಯ್ತು. ಮೊದಲು ಇಷ್ಟು ದೊಡ್ಡ ಇರ್ಲಿಲ್ಲ."

"ಎರಡು ವರ್ಷದಿಂದ ಕಾಲು ತೊಳೀಲಿಲ್ವಾ?"

"ಎಂತ ಮಾರಾಯ್ರೆ, ದಿನಾ ತೊಳಿತೇನೆ! ಒಳ್ಳೆ ಕಂಪೆನಿಯ ಆಯಿಲ್ ಅದು."

ಮನುಷ್ಯರಿಗೂ ಸುಣ್ಣ

ಪುತ್ತೂರು ಕಡೆಯ ಸವಣೂರಿನಲ್ಲಿ ಸನ್‌ಸ್ಕ್ರೀನ್ ಅಂದರೆ ಏನೆಂದು ಹೇಳಲು ತಿಣುಕುತ್ತಿದ್ದೆ. ಅಡಿಕೆ ಕೃಷಿಕರೊಬ್ಬರು ಎದ್ದು, "ಗೊತ್ತಾಯ್ತು, ಅಡಿಕೆ ಮರಕ್ಕೆ ಬಿಸಿಲು ಹೊಡೆಯದ ಹಾಗೆ ಸುಣ್ಣ ಬಳಿತೇವಲ್ಲ, ಅದೇ" ಎಂದರು. ಅದಕ್ಕಿಂತ ಚೆನ್ನಾಗಿ ಯಾವ ದೇಶದಲ್ಲೂ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅವರಿಗೆ ಒಂದು ಅನುಮಾನ ಮಾತ್ರ: "ಮರಕ್ಕೆ ನಾವು ಸಂಜೆ ಬಿಸಿಲು ಬೀಳುವ ಪಡು ಬದಿಗೆ ಬಳಿಯುದು. ನನ್ನ ಪಡು ಬದಿ ಯಾವುದು?"

ಹಿಂದಿನಿಂದ ಅವರ ಹೆಂಡತಿ ಹೇಳಿದರು: "ಅವರಿಗೆ ಯಾವ ಬದಿಗೂ ಬೇಡ ಮೇಡಂ. ಬಿಸಿಲು ಏರುವಾಗ ಅವರು ಪೇಟೆಯಲ್ಲಿ ಚಾ ಕುಡಿಯುದು. ಅಂಗಳದಲ್ಲಿ ಅಡಿಕೆ ಒಣಗಲಿಕ್ಕೆ ಹರಗುವವಳು ನಾನು. ಸುಣ್ಣ ನನಗೆ ಕೊಡಿ."

ಜೀಪಿನವರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ವಾಪಸು ಬರುವಾಗ "ಡಾಕ್ಟರಲ್ಲಿಗೆ ಹೋಗುವಾ?" ಎಂದೆ. ರೇಡಿಯೋ ಜೋರು ಮಾಡಿದರು.

ಭಾಷಣಕಾರರು

ಕಡಬದ ಸಭೆಯ ದಿನ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಎದುರಿಗೆ ಎಪ್ಪತ್ತು ಜನ. ಜೀಪಿನವರು ತಾವೇ ಮೈಕ್ ತೆಗೆದುಕೊಂಡರು. ಕನ್ನಡ, ತುಳು ಎರಡೂ ಸೇರಿಸಿ ಹೇಳಿದ್ದೇ ಹೇಳಿದ್ದು! "ಅಂಗಾಲು ನೋಡಿ. ನಿಮಗೆ ಬಗ್ಗಲಿಕ್ಕೆ ಆಗದಿದ್ರೆ ಹೆಂಡತಿ ಹತ್ರ ನೋಡ್ಲಿಕ್ಕೆ ಹೇಳಿ. ನಾಳೆ, ನಾಡಿದ್ದು ಅಂತ ಮುಂದೆ ಹಾಕ್ಬೇಡಿ!" ಚಪ್ಪಾಳೆ.

ಮುಂದಿದ್ದ ಅಜ್ಜಿ ಕೇಳಿದರು: "ನಿನ್ನದು ಯಾರು ನೋಡಿದ್ದು?"

"ನಾನು ಭಾಷಣ ಮಾಡುವವ ಅಜ್ಜಿ."

"ಭಾಷಣ ಮಾಡುವವರಿಗೆ ಅಂಗಾಲು ಇರುದಿಲ್ವಾ? ಎತ್ತು ಕಾಲು!"

ಓಡಲು ದಾರಿಯಿರಲಿಲ್ಲ. ಕುರ್ಚಿಯಲ್ಲಿ ಕೂತು ಎತ್ತಿದರು. ಅಜ್ಜಿ ಬಗ್ಗಿ ನೋಡಿ, "ಇವತ್ತೇ ಹೋಗು" ಎಂದರು.

ಸಂಜೆಯೇ ಪುತ್ತೂರಿನಲ್ಲಿ ತೋರಿಸಿದೆವು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಆದರೆ ಆಳಕ್ಕೆ ಇಳಿದಿರಲಿಲ್ಲ; ಸುತ್ತಲಿನ ಚರ್ಮ ಸಮೇತ ಕತ್ತರಿಸಿ ತೆಗೆದಲ್ಲಿಗೆ ಮುಗಿಯಿತು. ಹೊಲಿಗೆ ಬಿಚ್ಚುವ ದಿನ ನಾನೂ ಜೊತೆಗಿದ್ದೆ.

"ಒಳ್ಳೆ ಹೊತ್ತಿಗೆ ಬಂದ್ರಿ," ಎಂದರು ಡಾಕ್ಟರು. "ಯಾರ ಮಾತು ಕೇಳಿ ಬಂದದ್ದು?"

ನಾನು ಸೆರಗು ಸರಿಮಾಡಿಕೊಂಡು, ವಿನಯದಿಂದ ತಲೆ ತಗ್ಗಿಸಿದೆ.

"ನನ್ನದೇ ಡಾಕ್ಟ್ರೆ," ಎಂದರು ಜೀಪಿನವರು. "ಕಡಬದಲ್ಲಿ ನಾನೊಂದು ಭಾಷಣ ಮಾಡಿದ್ದೆ. ಭಾರೀ ಲಾಯ್ಕಾಗಿತ್ತು."