ಸೆನ್ಸಾರಿಗೂ ಮುಂಚಿನ ಭಾನುವಾರಗಳು

ಹಳೇ ಸಿನಿಮಾ ತೋರಿಸೋರಿಗೆ ಹೊಸ ಪೇಚು ತಪ್ಪಿದ್ದಲ್ಲ. ಡಿವಿಡಿಗಳ ಕಾಲದಲ್ಲಿ ಬಸವೇಶ್ವರನಗರದಲ್ಲಿ ನನ್ನದೊಂದು ಬಾಡಿಗೆ ಡಿವಿಡಿ ಅಂಗಡಿ ಇತ್ತು. ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಖಾಯಂ ಗಿರಾಕಿ. ಹಾಲಿವುಡ್ಡಿನಲ್ಲಿ ಸೆನ್ಸಾರ್ ಬಿಗಿಯಾಗುವ ಮುಂಚೆ, ಮೂವತ್ತರ ದಶಕದ ಶುರುವಿನಲ್ಲಿ ಬಂದ ಚಿತ್ರಗಳೆಂದರೆ ಅವರಿಗೆ ಪ್ರಾಣ. ಅವುಗಳಲ್ಲಿ ಹೆಂಗಸರು ಸಿಗರೇಟು ಸೇದುತ್ತಾರೆ, ಗಂಡನನ್ನು ಬಿಡುತ್ತಾರೆ, ಆಮೇಲೆ ಸುಖವಾಗಿಯೂ ಇರುತ್ತಾರೆ. ಅಂಗಡಿ ಮೇಲಿನ ಬಡಾವಣೆ ನಿವಾಸಿಗಳ ಸಂಘದ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಇವನ್ನು ಜನರಿಗೆ ತೋರಿಸೋಣ ಅಂತ ಇಬ್ಬರೂ ಹೊರಟೆವು.

೧. ಬಿಳಿ ಅಂಗಿ

ಸಂಘದ ಕಾರ್ಯದರ್ಶಿ, ಚಿತ್ರ ಹೇಗಿದೆ ಅಂತ ಕೇಳಿದರು. ಎಪ್ಪತ್ತು ವರ್ಷ ಹಳೇದು, ಕಪ್ಪು-ಬಿಳುಪು ಅಂದೆ. ಹಾಗಾದರೆ ಭಕ್ತಿಪ್ರಧಾನವೇ ಇರಬೇಕು ಅಂದುಕೊಂಡು ಅವರೇ 'ಕುಟುಂಬ ಸಮೇತ ಬನ್ನಿ' ಅಂತ ಬೋರ್ಡು ಬರೆಸಿದರು.

ಹತ್ತನೇ ನಿಮಿಷಕ್ಕೆ ನಾಯಕಿ ಸ್ನಾನದ ತೊಟ್ಟಿಗೆ ಇಳಿದಳು. ಕಾರ್ಯದರ್ಶಿ ಓಡಿ ಬಂದು ಪ್ರೊಜೆಕ್ಟರಿಗೆ ಅಡ್ಡ ನಿಂತರು. ಈಗ ಅವಳು ಅವರ ಬಿಳಿ ಅಂಗಿಯ ಮೇಲೆ ಸೋಪು ಹಚ್ಚಿಕೊಳ್ಳತೊಡಗಿದಳು. ಹಿಂದಿನ ಸಾಲಿನಿಂದ ಅವರ ಹೆಂಡತಿ ಶಾಂತವಾಗಿ ಹೇಳಿದರು:

"ರೀ, ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳಿ. ಸರಿಯಾಗಿ ಕಾಣ್ತಿಲ್ಲ."

೨. ಆ ಸೀನು

ಸೆನ್ಸಾರ್ ಇಲ್ಲದ ಸಿನಿಮಾ ಅನ್ನೋ ಸುದ್ದಿ ಹೆಗ್ಗನಹಳ್ಳಿವರೆಗೂ ಹೋಯಿತು. ಒಂದೇ ಬೈಕಿನಲ್ಲಿ ಮೂವರು ಯುವಕರು ಬಂದು ಮೊದಲ ಸಾಲು ಹಿಡಿದರು. ಚಿತ್ರ ಮುಗಿದ ಮೇಲೆ ಒಬ್ಬ ಮೆಟ್ಟಿಲ ಹತ್ತಿರ ಮೇಷ್ಟ್ರನ್ನು ಹಿಡಿದು, ಆ ಸೀನು ಬರಲೇ ಇಲ್ಲವಲ್ಲ ಅಂತ ಪಿಸುಗುಟ್ಟಿದ. ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು. ಬಂತಲ್ಲಪ್ಪ, ಎಲ್ಲಿ ಹೋಗಿದ್ದೆ ಅಂತ ಗಂಡ ಕೇಳಿದಾಗ ನಾಯಕಿ, ಮೊದಲು ನೀನು ಎಲ್ಲಿ ಹೋಗಿದ್ದೆ ಹೇಳು ಅಂದಳಲ್ಲ, ಆ ಕಾಲಕ್ಕೆ ಅದೇ ದೊಡ್ಡ ಧೈರ್ಯ ಅಂತ ವಿವರಿಸಿದರು.

ಹುಡುಗನ ಮುಖ ಇಳಿದುಹೋಯಿತು. "ಅದಾ ಸಾರ್? ನಮ್ಮನೇಲಿ ಅದು ದಿನಾ ಎರಡು ಶೋ."

೩. ಸೋದರತ್ತೆ ಮಗ

ಇಂಗ್ಲಿಷ್ ಬಾರದವರಿಗಾಗಿ ಮೇಷ್ಟ್ರು ಮೈಕ್ ಹಿಡಿದು ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಕಾರ್ಯದರ್ಶಿ ಒಂದು ಷರತ್ತು ಹಾಕಿದರು: 'ಪ್ರಿಯಕರ' ಅನ್ನೋ ಮಾತು ಕೇಳಿಸಿದರೆ ಹಾಲ್‌ಗೆ ಬೀಗ. ವಾರವಿಡೀ ಭಾನುವಾರಕ್ಕಾಗಿ ಕಾಯುತ್ತಿದ್ದ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಒಪ್ಪಿದರು.

ಆ ಭಾನುವಾರ ನಾಯಕಿಯ ಮನೆಗೆ ಒಬ್ಬ ಹೂವು ಹಿಡಿದು ಬಂದ. ಗಾಬರಿಯಲ್ಲಿ ಮೇಷ್ಟ್ರು, ಇವನು ಅವಳ ಅಣ್ಣ ಅಂದುಬಿಟ್ಟರು. ಮರುಕ್ಷಣವೇ ಇಬ್ಬರೂ ತಬ್ಬಿಕೊಂಡು ಮುತ್ತಿಟ್ಟರು. ಹಾಲ್ ಕಲ್ಲಾಯಿತು. ಮೇಷ್ಟ್ರು ತಕ್ಷಣ ತಿದ್ದಿಕೊಂಡರು. ಕ್ಷಮಿಸಿ, ಅಣ್ಣ ಅಲ್ಲ, ಸೋದರತ್ತೆ ಮಗ ಅಂದರು. ಎಲ್ಲರಿಗೂ ಉಸಿರು ಬಂತು. ಕಾರ್ಯದರ್ಶಿಯೂ ಸಮಾಧಾನದಿಂದ ತಲೆಯಾಡಿಸಿದರು.

ಕಾಲು ಗಂಟೆ ಬಿಟ್ಟು ಆಫೀಸಿನ ಸಾಹೇಬ ಮುತ್ತಿಟ್ಟ. ಅವನೂ ಸೋದರತ್ತೆ ಮಗ. ಆಮೇಲೆ ವಕೀಲ, ಆಮೇಲೆ ಹಡಗಿನ ಕ್ಯಾಪ್ಟನ್. ಒಬ್ಬೊಬ್ಬರಿಗೂ ಮೇಷ್ಟ್ರ ದನಿ ಇಳಿಯುತ್ತಾ ಹೋಯಿತು. ಮಗನ ಮನೆಗೆಂದು ಧಾರವಾಡದ ಕಡೆಯಿಂದ ಬಂದಿದ್ದ, ಹಣೆ ತುಂಬ ವಿಭೂತಿಯ ಅಜ್ಜಿಯೊಬ್ಬರು ಮೊದಲ ಸಾಲಿನಿಂದ ತಿರುಗಿ ಕೇಳಿದರು:

"ಮಾಸ್ತರ, ಈಕಿಗಿ ಸೋದರತ್ತಿ ಒಟ್ಟು ಎಷ್ಟ್ ಮಂದಿ ಅದಾರ?"

ಮೊದಲು ನಕ್ಕಿದ್ದು ಕಾರ್ಯದರ್ಶಿಯೇ. ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರಿದರು. ಅವರ ನಗು ಕಂಡು ಮೇಷ್ಟ್ರಿಗೂ ಧೈರ್ಯ ಬಂತು. ಮೈಕ್ ಬಾಯಿಗೆ ಹತ್ತಿರ ಹಿಡಿದು ಅಂದರು:

"ತಡೀರಮ್ಮ, ಇನ್ನೂ ಇಂಟರ್ವಲ್ ಆಗಿಲ್ಲ."