ಬಚ್ಚಲಲ್ಲಿ ಹುಡುಕಿದ ಪದಗಳು

ಹೆಂಡತಿ ಬೈದರೆ ನನಗೇನೂ ಬೇಜಾರಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾಯಿತು, ಕಿವಿ ಪಳಗಿದೆ. ಆದರೆ ಬೈದದ್ದು ಅರ್ಥವೇ ಆಗದಿದ್ದರೆ ಮೈಯೆಲ್ಲ ಉರಿಯುತ್ತದೆ ನೋಡಿ. ಯಾವುದಕ್ಕೆ ಅಂತ ಸಿಟ್ಟು ಮಾಡಿಕೊಳ್ಳುವುದು, ನೀವೇ ಹೇಳಿ!

ನನ್ನವಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾಳೆ. ಪಂಡಿತರ ಪುಸ್ತಕಗಳ ಕಾಗುಣಿತ ತಿದ್ದಿ ತಿದ್ದಿ, ಅವರ ಶಬ್ದಗಳನ್ನೆಲ್ಲ ನಾಲಿಗೆಯ ಮೇಲೆ ಹೇರಿಕೊಂಡು ಮನೆಗೆ ಬರುತ್ತಾಳೆ. ಊರಿನ ಬೇರೆ ಗಂಡಂದಿರಿಗೆ 'ದಂಡಪಿಂಡ' ಎಂಬ ಸರಳ ಬೈಗುಳ ಸಿಗುತ್ತದೆ. ನನಗೆ? ಒಂದು ಬೆಳಗ್ಗೆ, "ನೀವೊಬ್ಬ ಕೂಪಮಂಡೂಕ!" ಅಂದಳು. ಅದೇನೋ ಬಿರುದು ಅಂದುಕೊಂಡು "ಥ್ಯಾಂಕ್ಸ್ ಕಣೇ" ಅಂದೆ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಮೊಬೈಲಿನ ನಿಘಂಟಿನಲ್ಲಿ ಹುಡುಕಿದರೆ, ಬಾವಿಯೊಳಗಿನ ಕಪ್ಪೆ! ಧುಮುಗುಟ್ಟುತ್ತ ಹೊರಗೆ ಬರುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು.

ಬಚ್ಚಲಲ್ಲೇ ಏಕೆ ಎಂದಿರಾ? ಅಲ್ಲೇ ಇರುವುದು ನನ್ನ ಮಾನದ ಪ್ರಶ್ನೆ. ಆ ನಿಘಂಟಿನ ಆ್ಯಪ್ ತಯಾರಿಸಿದವನೇ ನಾನು! (ಪದಗಳನ್ನು ಕೊಟ್ಟವರು ಯಾರೋ ವಿದ್ವಾಂಸರು, ಮೊಬೈಲಿಗೆ ತುಂಬಿದವನು ನಾನು. ಕಪಾಟು ಮಾಡಿದ ಬಡಗಿ ಒಳಗಿನ ಪುಸ್ತಕವನ್ನೆಲ್ಲ ಓದಿರಬೇಕೇ?) ಈ ಆವರಣದೊಳಗಿನ ವಿಚಾರ ನನ್ನ ಮಾವನಿಗೆ ಗೊತ್ತಿಲ್ಲ. "ನಮ್ಮ ಅಳಿಯಂದಿರಿಗೆ ಗೊತ್ತಿಲ್ಲದ ಪದವೇ ಇಲ್ಲ" ಎಂದು ನೆಂಟರ ಮುಂದೆಲ್ಲ ಹೇಳಿಕೊಂಡು, 'ನಿಘಂಟು ಅಳಿಯ' ಎಂದೇ ಕರೆಯುತ್ತಾರೆ. ಇಡೀ ಜಗತ್ತಿನಲ್ಲಿ ನನ್ನನ್ನು ಹೊಗಳುವ ಏಕೈಕ ಜೀವಿ ಅವರು. ಆ ಮರ್ಯಾದೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಹೀಗಿರುವಾಗ ಹೆಂಡತಿಯ ಹೊಸ ತಕರಾರು ಶುರುವಾಯಿತು.

"ರೀ, ನಿಮ್ಮ ಆ್ಯಪ್‌ಗೆ ಒಂಚೂರೂ ಜ್ಞಾಪಕಶಕ್ತಿ ಇಲ್ಲ. ಅದೇ ಪದಾನ ದಿನಕ್ಕೆ ಹತ್ತು ಸಲ ಟೈಪ್ ಮಾಡಿ ನನ್ನ ಹೆಬ್ಬೆರಳು ಸವೀತು. ಹಿಂದೆ ಹುಡುಕಿದ್ದೆಲ್ಲ ತಾನಾಗೇ ಕೆಳಗೆ ಬರೋ ಹಾಗೆ ಮಾಡಬಾರದಾ?"

"ಮಾಡೋಣ ಕಣೇ. ನಾಳೆ."

"ಐದು ತಿಂಗಳಿಂದ ನಾಳೆ ಅಂತಿದ್ದೀರಿ!" ಎಂದವಳು ಯಾಕೋ ನಕ್ಕಳು. "ನೀವು ಸಾಮಾನ್ಯರಲ್ಲ ಬಿಡಿ. ದೀರ್ಘಸೂತ್ರಿ!"

ಅಂದು ಮಾತ್ರ ನನಗೆ ಬಚ್ಚಲು ಬೇಕಾಗಲಿಲ್ಲ. ದೀರ್ಘ ಗೊತ್ತು, ಸೂತ್ರ ಗೊತ್ತು. ದೂರದ ಯೋಜನೆ ಹಾಕುವವನು, ಅಷ್ಟೇ ತಾನೆ? ಹನ್ನೊಂದು ವರ್ಷಕ್ಕೆ ಮೊದಲ ಹೊಗಳಿಕೆ! ಆ ಹುರುಪಿನಲ್ಲಿ ಒಂದೇ ವಾರಕ್ಕೆ ಕೆಲಸ ಮುಗಿಸಿದೆ. ಸಾಲದೆಂದು, ಪ್ರತಿ ಪದದ ಮುಂದೆ ಹುಡುಕಿದ ವಾರ, ಗಂಟೆಯೂ ಬರುವಂತೆ ಮಾಡಿದೆ.

"ಪಟ್ಟಿ ಅಳಿಸೋಕೆ ಒಂದು ಬಟನ್ ಬೇಡ್ವೇನ್ರೀ?" ಎಂದರು ನಮ್ಮ ಆಫೀಸಿನ ಮ್ಯಾನೇಜರು.

"ಆಮೇಲೆ ಹಾಕೋಣ ಸರ್."

ಕೊನೆಯ ಪುಟಕ್ಕೆ ತಯಾರಕನ ಪರಿಚಯ ಒಂದು ಸಾಲು ಬೇಕೆಂದರು. ಎದೆಯುಬ್ಬಿಸಿ ಬರೆದುಕೊಟ್ಟೆ: 'ಸ್ವಭಾವತಃ ದೀರ್ಘಸೂತ್ರಿ.'

ಹೊಸ ಆವೃತ್ತಿ ಎಲ್ಲರ ಮೊಬೈಲಿಗೂ ಬಂದ ಭಾನುವಾರ ಮಾವ ನಮ್ಮ ಮನೆಯಲ್ಲಿದ್ದರು. ನನ್ನ ಫೋನನ್ನೇ ಅವರ ಕೈಗಿತ್ತೆ. "ಇಲ್ಲಿ ಮುಟ್ಟಿ ಮಾವ. ಈಗ ಖಾಲಿ ಇರುತ್ತೆ, ಹುಡುಕ್ತಾ ಹುಡುಕ್ತಾ ತುಂಬುತ್ತೆ."

ಮುಟ್ಟಿದರು. ತುಂಬಿ ತುಳುಕುತ್ತಿತ್ತು. (ಹಳೆಯ ಹುಡುಕಾಟವೆಲ್ಲ ಮೊದಲಿಂದಲೂ ಒಳಗೆ ದಾಖಲಾಗುತ್ತಿತ್ತಂತೆ. ಹಾಗೆ ಮಾಡಿಟ್ಟಿದ್ದ ಮಹಾನುಭಾವನೂ ನಾನೇ, ಮರೆತಿದ್ದೆ.)

ಮಾವ ಕನ್ನಡಕ ಏರಿಸಿಕೊಂಡು ಓದಿದರು. "ಕೂಪಮಂಡೂಕ, ಸೋಮವಾರ ಎಂಟೂ ಹತ್ತು. ಬಕಧ್ಯಾನ, ಬುಧವಾರ ಎಂಟೂಕಾಲು. ವಿತಂಡವಾದ... ಇದೊಂದನ್ನೇ ನಾಲ್ಕು ಸಲ ಹುಡುಕಿದ್ದೀರಲ್ಲ ಅಳಿಯಂದಿರೇ?"

ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ನಾನು ಬೈದಾಗೆಲ್ಲ ಬಚ್ಚಲಿಗೆ ಓಡ್ತಿದ್ದಿದ್ದು ಇದಕ್ಕಾ? ಹೊಟ್ಟೆ ಕೆಟ್ಟಿದೆ ಅಂದ್ಕೊಂಡು ತಿಂಗಳುಗಟ್ಟಲೆ ಸಪ್ಪೆ ಅಡುಗೆ ಮಾಡಿ ಹಾಕಿದೆನಲ್ರೀ!"

ನನಗೂ ರೇಗಿತು. ಸಪ್ಪೆ ಅಡುಗೆ ತಿಂದವನು ನಾನು, ಕೂಗಾಡುವವಳು ಅವಳು! "ಏನೂ ಗೊತ್ತಿಲ್ಲದ ದಡ್ಡ ಅಂದ್ಕೋಬೇಡ. ದೀರ್ಘಸೂತ್ರಿ ಅನ್ನೋದು ಆ ಪಟ್ಟಿಯಲ್ಲಿ ಇದೆಯಾ ನೋಡು! ಇಲ್ಲ! ಅದು ನನಗೆ ಗೊತ್ತಿತ್ತು!"

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಾವ ಒಂದೊಂದೇ ಅಕ್ಷರ ಒತ್ತಿ ಹುಡುಕಿ, ಗಟ್ಟಿಯಾಗಿ ಓದಿದರು: "ದೀರ್ಘಸೂತ್ರಿ. ಯಾವ ಕೆಲಸವನ್ನೂ ಬೇಗ ಮುಗಿಸದೆ ಮುಂದೂಡುತ್ತಲೇ ಇರುವವನು. ಆಲಸಿ."

ಅಷ್ಟರಲ್ಲಿ ತನ್ನ ಫೋನಿನಲ್ಲಿ ಕೊನೆಯ ಪುಟ ತೆರೆದಿದ್ದ ಹೆಂಡತಿ ಕುಸಿದು ಕೂತು ನಗತೊಡಗಿದಳು. ನಲವತ್ತು ಸಾವಿರ ಮೊಬೈಲುಗಳಲ್ಲಿ ಆ ಸಾಲು ನನ್ನ ಫೋಟೋದ ಕೆಳಗೇ ಕೂತಿತ್ತು.

"ಹೋಗಲಿ, ಈ ಪಟ್ಟಿನಾದ್ರೂ ಅಳಿಸಿಬಿಡಿ ಅಳಿಯಂದಿರೇ, ನೆಂಟರು ನೋಡಿಯಾರು," ಎಂದರು ಮಾವ, ಕನಿಕರದಿಂದ. ನಿಘಂಟು ಎನ್ನುವುದು ಆಗಲೇ ಉದುರಿ ಬರೀ ಅಳಿಯ ಉಳಿದಿದ್ದೆ. ಅಳಿಸಲು ಬಟನ್ ಎಲ್ಲಿದೆ?

"ಪಟ್ಟಿ, ಕೊನೇ ಪುಟ, ಎರಡನ್ನೂ ಯಾವಾಗ ಸರಿಮಾಡ್ತೀರಿ?" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

ಸಿಟ್ಟು ನೆತ್ತಿಗೇರಿತ್ತು. ಹನ್ನೊಂದು ವರ್ಷದ್ದೆಲ್ಲ ಸೇರಿಸಿ ಖಡಕ್ಕಾಗಿ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅಭ್ಯಾಸಬಲ ನೋಡಿ.

"ನಾಳೆ," ಅಂದೆ.

ಅದರ ಅರ್ಥಕ್ಕೆ ಮಾತ್ರ ಮನೆಯಲ್ಲಿ ಯಾರಿಗೂ ನಿಘಂಟು ಬೇಕಾಗಲಿಲ್ಲ.